ಆಯುಧಪೂಜೆಯ ಹೊಗೆ, ಎರಕದ ಶೆಡ್ಡಿನ ಹೊಗೆ

ಅಧ್ಯಕ್ಷತೆ ವಹಿಸಿರುವ ನಮ್ಮ ಪ್ರಯೋಗಾಲಯದ ಮಾಲೀಕರಾದ ಶ್ರೀ ಪರಮಾನಂದ ಅವರೇ, ಮುಖ್ಯ ಅತಿಥಿಗಳೂ ಇದೇ ಪೀಣ್ಯದಲ್ಲಿ ಎರಕದ ಕಾರ್ಖಾನೆ ನಡೆಸುತ್ತಿರುವವರೂ ಆದ ಶ್ರೀ ಲೋಕೇಶ್ ಅವರೇ, ಸಹೋದ್ಯೋಗಿಗಳೇ, ಊಟದ ವಾಸನೆ ಬಂದರೂ ಕುರ್ಚಿ ಬಿಡದೆ ಕೂತಿರುವ ಸಭಿಕರೇ,

ವಾರ್ಷಿಕೋತ್ಸವದ ಈ ಸನ್ಮಾನಕ್ಕೆ ನಾನು ಋಣಿ. ಹೊಗಳಿಕೆ ಕೇಳುವಾಗ ಎಲ್ಲಿ ನೋಡಬೇಕೆಂದು ತಿಳಿಯದೆ ಇಷ್ಟು ಹೊತ್ತು ಫ್ಯಾನ್ ನೋಡುತ್ತಿದ್ದೆ. ಈಗ ಮಾತಿಗೆ ಬರುತ್ತೇನೆ.

ನಮ್ಮ ಫ್ರಿಜ್ಜಿನಲ್ಲಿ ಕಂದು ಬಣ್ಣದ ಪುಟ್ಟ ಸೀಸೆಯೊಂದಿದೆ. ಅದರಲ್ಲಿರುವುದು ಬೆಂಜೋಪೈರೀನ್. ಕಲ್ಲಿದ್ದಲು, ಕಟ್ಟಿಗೆ, ಎಣ್ಣೆ ಸರಿಯಾಗಿ ಉರಿಯದೆ ಹೊಗೆಯಾದಲ್ಲೆಲ್ಲ ಹುಟ್ಟುವ ವಸ್ತು ಇದು. ಕ್ಯಾನ್ಸರ್ ಹೇಗೆ ಶುರುವಾಗುತ್ತದೆಂದು ತಿಳಿಯಲು ಸಂಶೋಧಕರು ಇದನ್ನು ಇಲಿಗಳ ಮೇಲೆ, ಜೀವಕೋಶಗಳ ಮೇಲೆ ಪ್ರಯೋಗಿಸುತ್ತಾರೆ. ನಮಗೆ ಇದು ತೂಕದ ಕಲ್ಲು. ಶುದ್ಧ ಬೆಂಜೋಪೈರೀನನ್ನು ಯಂತ್ರಕ್ಕೆ ಮೊದಲು ತೋರಿಸುತ್ತೇವೆ. ಆಮೇಲೆ ಕಾರ್ಮಿಕರು ಉಸಿರಾಡುವ ಗಾಳಿಯಲ್ಲಿ ಅದು ಎಷ್ಟಿದೆಯೆಂದು ಯಂತ್ರ ಹೇಳುತ್ತದೆ. ಆ ಗಾಳಿಯನ್ನು ಸೋಸುವ ಕಾಗದದ ಮೂಲಕ ಎಳೆದು ಮಾದರಿ ಹಿಡಿಯುತ್ತೇವೆ; ಜೊತೆಗೆ ಯಾವ ಹೊಗೆಯನ್ನೂ ಕಾಣದ ಅಂಥದೇ ಶುಭ್ರವಾದ ಕಾಗದವೊಂದನ್ನೂ ಪರೀಕ್ಷಿಸುತ್ತೇವೆ. ಅದರಲ್ಲಿ ಏನೂ ಕಾಣಬಾರದು. ಕಂಡರೆ ಆ ದಿನದ ಪರೀಕ್ಷೆಯೆಲ್ಲ ವ್ಯರ್ಥ.

ಈ ಸಲ ಕಂಡಿತು! ಲೋಕೇಶ್ ಅವರ ಶೆಡ್ಡಿನಿಂದ ಗಾಳಿಯ ಮಾದರಿಗಳು ಬಂದಿದ್ದವು. ಅಷ್ಟರಲ್ಲಿ ಆಯುಧಪೂಜೆ. ಯಂತ್ರದ ಕೋಣೆಯಲ್ಲಿ ಹೊಗೆ ಬೇಡವೆಂದು ನಾನು ಬೇಡಿಕೊಂಡೆ. ಪರಮಾನಂದ ಸಾರ್ ನಕ್ಕರು: "ವರ್ಷಕ್ಕೊಂದ್ಸಲ ಮೇಡಂ. ಮೆಷಿನ್ನಿಗೂ ದೇವ್ರು ಬೇಡ್ವಾ?" ತಟ್ಟೆ ತುಂಬ ಕರ್ಪೂರ ಉರಿಯಿತು, ಸಾಂಬ್ರಾಣಿ ಕೋಣೆ ತುಂಬಿತು. ಮರುದಿನ ನೋಡಿದರೆ ನಮ್ಮ ಶುಭ್ರ ಕಾಗದಕ್ಕೂ ಬೆಂಜೋಪೈರೀನ್ ಪ್ರಸಾದ ಸಿಕ್ಕಿತ್ತು. ನಗಿ, ನಗುವ ವಿಷಯವೇ. ನನಗೆ ಮಾತ್ರ ಅಂದು ನಗು ಬರಲಿಲ್ಲ.

ಏಕೆಂದರೆ ಅವರ ಮಾದರಿಗಳಲ್ಲೂ ಬೆಂಜೋಪೈರೀನ್ ಕಂಡಿದೆ, ಆದರೆ ಈ ಪರೀಕ್ಷೆ ಲೆಕ್ಕಕ್ಕಿಲ್ಲ ಎಂದು ತಿಳಿಸಿದಾಗ ಲೋಕೇಶ್ ಅವರು ಫೋನಿನಲ್ಲಿ ಹೇಳಿದರು: "ಅದೆಲ್ಲ ನಿಮ್ಮ ಕರ್ಪೂರದ ಹೊಗೆ ಕಣ್ರೀ. ನಮ್ಮ ಶೆಡ್ಡು ಕ್ಲೀನು ಅಂತ ಬರೆದ್ಬಿಡಿ." ಬೇಸರ ಮಾಡಿಕೊಳ್ಳಬೇಡಿ ಸಾರ್, ಸಭೆಯಲ್ಲಿ ಹೇಳುತ್ತಿದ್ದೇನೆ. ಕೆಟ್ಟಿದ್ದು ನಮ್ಮ ಪರೀಕ್ಷೆ. ನಮ್ಮ ಪರೀಕ್ಷೆ ಕೆಟ್ಟಿತೆಂದರೆ ನಿಮ್ಮ ಗಾಳಿ ಚೆನ್ನಾಗಿದೆ ಎಂದಾಯಿತೇ? ಗೊತ್ತಿಲ್ಲ ಎಂಬುದು ಒಳ್ಳೆಯದು ಎಂದಾಗುವುದು ಹೇಗೆ?

ಅಚ್ಚಿನ ಮರಳಿಗೆ ಕಲ್ಲಿದ್ದಲ ಪುಡಿ ಬೆರೆಸಿ, ಅದಕ್ಕೆ ಕರಗಿದ ಕಬ್ಬಿಣ ಸುರಿದಾಗ ಏಳುವ ಹೊಗೆ ನನಗೆ ಹೊಸದಲ್ಲ. ನನ್ನ ಅಪ್ಪ ಮುತ್ತಣ್ಣ ಬಾಗಲಕೋಟೆ ಕಡೆಯಿಂದ ಬಂದು, ಇಲ್ಲೇ ಬೇರೊಂದು ಶೆಡ್ಡಿನಲ್ಲಿ ಎರಕ ಹೊಯ್ಯುತ್ತಿದ್ದ. ಮನೆಗೆ ಬಂದು ಮುಖ ಒರೆಸಿಕೊಂಡರೆ ಟವೆಲ್ ಕಪ್ಪಾಗುತ್ತಿತ್ತು. ಒಗೆಯಲು ನಾನು ಕೈ ಹಾಕಿದರೆ ತಡೆಯುತ್ತಿದ್ದ: "ಮಾದೇವಿ, ಅದನ್ನ ಮುಟ್ಟಬ್ಯಾಡವ್ವ. ಕೈಗೆ ಹತ್ತಿದ್ರ ಹೋಗಂಗಿಲ್ಲ." ಒಂದು ಬೀಡಿಯನ್ನೂ ಸೇದದ ಅಪ್ಪ ಶ್ವಾಸಕೋಶದ ಕ್ಯಾನ್ಸರಿನಲ್ಲಿ ತೀರಿಕೊಂಡ. ಹೊಗೆಯೇ ಕಾರಣವೆಂದು ನಾನು ಹೇಳಲಾರೆ. ಅಲ್ಲವೆಂದೂ ಹೇಳಲಾರೆ. ಆ ಶೆಡ್ಡಿನ ಗಾಳಿಯನ್ನು ಯಾರೂ ಅಳೆಯಲಿಲ್ಲ. ಅಳೆದಿದ್ದರೆ ಎಂದು ಈಗಲೂ ಸಂಕಟವಾಗುತ್ತದೆ... ಕ್ಷಮಿಸಿ, ಸ್ವಲ್ಪ ನೀರು ಕುಡಿಯುತ್ತೇನೆ.

ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ. ಹೇಳಿದ್ದಾಯಿತು. ಇನ್ನೊಂದನ್ನೂ ಹೇಳಿಬಿಡುತ್ತೇನೆ: ಲೋಕೇಶ್ ಅವರ ಶೆಡ್ಡಿನಲ್ಲಿ ಎರಕ ಹೊಯ್ಯುವ ಹನುಮೇಶ ನನ್ನ ತಂಗಿಯ ಗಂಡ. ಈ ಮಾತಿಗಾಗಿ ಅವನ ಕೆಲಸಕ್ಕೆ ಕುತ್ತು ಬಾರದೆಂದು ನಂಬಿದ್ದೇನೆ. ನಂಬಿಕೆ ಹುಸಿಯಾದರೂ ನಾನು ಹಿಂದೆ ಸರಿಯುವುದಿಲ್ಲ; ಅವನೂ ಹಾಗೆಯೇ ಹೇಳಿ ಕಳಿಸಿದ್ದಾನೆ.

ಯಂತ್ರದ ಕೋಣೆಯನ್ನು ತೊಳೆದಿದ್ದೇವೆ. ಈಗ ಶುಭ್ರ ಕಾಗದ ಶುಭ್ರವಾಗಿಯೇ ಬರುತ್ತಿದೆ. ಹಳೆಯ ಮಾದರಿಗಳು ಪರೀಕ್ಷೆಯಲ್ಲೇ ಮುಗಿದುಹೋದವು, ಹೊಸದಾಗಿ ತರಲೇಬೇಕು. ಇದನ್ನು ಇಲ್ಲಿಗೇ ಬಿಡೋಣ ಎಂದು ಪರಮಾನಂದ ಸಾರ್ ಸಲಹೆ ಕೊಟ್ಟರು. ಬಿಡುವುದಿಲ್ಲ ಸಾರ್. ಸೋಮವಾರ ಬೆಳಗಿನ ಪಾಳಿಗೆ ಗಾಳಿ ಎಳೆಯುವ ಪಂಪುಗಳೊಂದಿಗೆ ಕಾರ್ಖಾನೆಯ ಗೇಟಿನ ಮುಂದೆ ನಿಂತಿರುತ್ತೇನೆ. ಗಾಳಿ ಚೆನ್ನಾಗಿದ್ದರೆ ನನ್ನಷ್ಟು ಸಂತೋಷಪಡುವವರು ಯಾರೂ ಇಲ್ಲ.

ಸಂಘಟಕರಿಗೂ, ಕೋಣೆ ತೊಳೆದ ಗೆಳತಿ ಸವಿತಾಗೂ, ತಾಳ್ಮೆಯಿಂದ ಕೇಳಿದ ನಿಮಗೂ ಕೃತಜ್ಞತೆಗಳು. ಮುಂದಿನ ಭಾಷಣ ಮುಖ್ಯ ಅತಿಥಿಗಳದು. ಲೋಕೇಶ್ ಅವರೇ, ನನ್ನ ಬಗ್ಗೆ ಒಳ್ಳೆಯ ಮಾತು ಏನೂ ಬೇಡ. ಗೇಟು ತೆಗೆಸುತ್ತೀರೋ ಇಲ್ಲವೋ, ಅದೊಂದನ್ನು ಈ ಸಭೆಗೆ ಹೇಳಿ. ಮೈಕು ಬಿಟ್ಟುಕೊಡುತ್ತಿದ್ದೇನೆ. ನಮಸ್ಕಾರ.