ಮುಖವಿಲ್ಲದ ದೆವ್ವ

ಬಸ್ಸಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ, ಅಂಗಿಗೆ ಮರದ ಹೊಟ್ಟು ಮೆತ್ತಿಕೊಂಡಿದ್ದ ಬಡಗಿಯೊಬ್ಬರೂ ಅವರ ಮಗಳೂ ನಿಂತಿದ್ದರು.

“ಅಪ್ಪಾ, ನಾನು ಮಾಡಿದ ದೆವ್ವದ ಗೇಮು ನಾಳೆ ಬಿಡುಗಡೆ. ಅರ್ಧ ಗಂಟೇಲಿ ಆಡಿ ಮುಗಿಸಿದ್ರಲ್ಲ, ಹೇಗಿದೆ ಹೇಳಿ.”

“ಎಲ್ಲಾ ನನ್ನ ಕಣ್ಣಲ್ಲೇ ನೋಡಿದ ಹಾಗಿತ್ತು. ಮೂವತ್ತು ವರ್ಷದಿಂದ ಬಾಗಿಲು ಮಾಡೋ ನನಗೇ ಆ ಕೊನೇ ಬಾಗಿಲು ತೆಗೆಯೋಕೆ ಕೈ ಏಳಲಿಲ್ಲ ಕಣೇ.”

“ದೆವ್ವ?”

“ಕಾಣೋವರೆಗೂ ಜೀವ ಬಾಯಿಗೆ ಬಂದಿತ್ತು. ನೀನು ಅದರ ಮುಖ ತೋರಿಸಿದೆ, ಅಲ್ಲಿಗೆ ಭಯ ಹೋಯ್ತು. ನಿನ್ನ ದೊಡ್ಡಪ್ಪ ನಿದ್ದೆಯಿಂದ ಎದ್ದ ಹಾಗಿದೆ.”

“ಆ ಮುಖಕ್ಕೆ ಎರಡು ತಿಂಗಳು ಕೂತಿದೀನಿ.”

“ಕೂತಿರ್ತೀಯ. ಆದ್ರೂ ತೆಗಿ.”



“ಸರಿ, ಇವತ್ತೇ ತೆಗೀತೀನಿ.”

ಬಸ್ಸು ಬಂದಿತು. ಎಷ್ಟು ಟಿಕೆಟ್ಟೆಂದು ಕೇಳಿದ ಕಂಡಕ್ಟರಿಗೆ ಬಡಗಿ ಮೆಟ್ಟಿಲೇರುತ್ತಲೇ ಹೇಳಿದರು:

“ಎರಡು. ಇವಳು ನನ್ನ ಮಗಳು. ನನ್ನನ್ನೇ ಹೆದರಿಸಿಬಿಟ್ಟಿದಾಳೆ.”