ಸ್ವಾಗತದ ಜವಾಬ್ದಾರಿ

ಹಲ್ಲಿನ ಡಾಕ್ಟರ ಬಳಿ ಸರದಿ ಕಾಯುತ್ತಾ, ಊದಿದ ಕೆನ್ನೆಗೆ ಕೈ ಕೊಟ್ಟು ಕೂತಿದ್ದ ಟೈಲರಮ್ಮನ ಕಿವಿಗೆ ಪಕ್ಕದ ಬೆಂಚಿನ ಇಬ್ಬರು ಗುಮಾಸ್ತರ ಪಿಸುಮಾತು ಬಿತ್ತು.

"ಆಫೀಸಿನ ವಾರ್ಷಿಕೋತ್ಸವಕ್ಕೆ ಮ್ಯಾನೇಜರು ನಮ್ಮ ರ‍್ಯಾಪ್ ಹಾಡಿನ ಕಾರ್ಯಕ್ರಮ ಇಟ್ಟಿದ್ದಾರೆ."

"ಮುಖವಾಡದ ಒಳಗಿರೋದು ನಾವೇ ಅಂತ ಗೊತ್ತಾಯ್ತಾ?"

"ಇಲ್ಲ ಕಣೋ. ಇಷ್ಟು ವರ್ಷ ಗೋಡೌನಲ್ಲಿ ಕದ್ದುಮುಚ್ಚಿ ಹಾಡಿದ್ದಕ್ಕೆ ಮೊದಲನೇ ದೊಡ್ಡ ವೇದಿಕೆ. 'ಸೋಪಿಗೂ ಬೀಗ' ಹಾಡಲೇಬೇಕಂತೆ."

"ಅವರು ಕೈ ತೊಳೆಯೋ ಸೋಪನ್ನ ಡ್ರಾಯರಲ್ಲಿ ಬೀಗ ಹಾಕಿಡ್ತಾರೆ ಅಂತ ತಾನೇ ಅದನ್ನ ಬರೆದದ್ದು?"

"ಯಾವನೋ ಜಿಪುಣನ ಮೇಲೆ ಅಂದ್ಕೊಂಡು ಬಿದ್ದು ಬಿದ್ದು ನಗ್ತಾರೆ."

"ಹಾಗಾದ್ರೆ ಹಾಡೇ ಬಿಡೋಣ."

"ಹಾಡೋಣ. ಆದ್ರೆ ಕಲಾವಿದರನ್ನ ಗೇಟಲ್ಲಿ ಸ್ವಾಗತಿಸಿ ವೇದಿಕೆಗೆ ಕರ್ಕೊಂಡು ಬರೋ ಜವಾಬ್ದಾರಿ ಯಾರಿಗೆ ಕೊಟ್ಟಿದ್ದಾರೆ ಹೇಳು?"

"ಯಾರಿಗೆ?"

"ನಮ್ಮಿಬ್ಬರಿಗೇ."

ಟೈಲರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಕ್ಕರೆ ಹಲ್ಲು ಜೀವ ಹಿಂಡುತ್ತಿತ್ತು.

"ಕಲಾವಿದರು ಬಂದ್ರೂ ಗೇಟಲ್ಲಿ ನಮ್ಮ ಪತ್ತೆನೇ ಇರಲ್ಲ. ಮಾರನೇ ದಿನ ಮ್ಯಾನೇಜರು ನಮ್ಮ ಜನ್ಮ ಜಾಲಾಡಿಬಿಡ್ತಾರೆ."

ಒಳಗಿಂದ ಗುಮಾಸ್ತರಿಗೆ ಕರೆ ಬಂತು. ಇನ್ನೊಬ್ಬ ಎದ್ದು, ಗೆಳೆಯನ ತೋಳು ಹಿಡಿದು ಬಾಗಿಲ ಕಡೆ ನಡೆಸಿದ.

"ಜಾಲಾಡಲಿ ಬಿಡೋ. ಮುಂದಿನ ಹಾಡಿಗೆ ಏನೂ ಹೊಳೀತಿಲ್ಲ ಅಂತ ಒದ್ದಾಡ್ತಿದ್ಯಲ್ಲ."