ಉಡ ಒದರುವಾಗ

ಹೊಸಪೇಟೆಯ ಥಿಯೇಟರಿನಲ್ಲಿ ಮ್ಯಾಟಿನಿ ಟಿಕೆಟಿಗೆ ನಿಂತಿದ್ದೆ. ನನ್ನ ಮುಂದೆ ಅತ್ತೆ, ಸೊಸೆ ಇಬ್ಬರು. ಸೊಸೆಯ ಕೈಯಲ್ಲಿ ಖಾಲಿ ಸಂತೆ ಚೀಲ. ಗೋಡೆಯ ಪೋಸ್ಟರಿನಲ್ಲಿ ಬೆಟ್ಟದಷ್ಟು ದೊಡ್ಡ ಉಡವೊಂದು ಪಟ್ಟಣ ತುಳಿಯುತ್ತಿತ್ತು.

“ಪಾಪಿನಾಯಕನಹಳ್ಳಿಯವ್ರು ಯಾರರ ನೋಡಿದ್ರ ಏನ್ ಗತಿ, ಶೈಲಾ? ರೇವಣಸಿದ್ದ ಹೋಗಿ ವರ್ಷ ತುಂಬಿಲ್ಲ, ತಾಯಿ, ಹೆಂಡ್ತಿ ಇಬ್ರೂ ಸಿನಿಮಾಕ್ಕ ಬಂದಾರ ಅಂತಾರ.”

“ಮನ್ಯಾಗ ಸಂತಿಗಿ ಅಂತ ಹೇಳೀವಲ್ರಿ ಅತ್ತಿ. ಹೋಗಾಗ ಬದ್ನಿಕಾಯಿ ಒಯ್ಯಾಣ.”

“ಹೋದ ವಾರನೂ ಇದನ್ನ ನೋಡಿದ್ವಿ. ಬ್ಯಾರೆ ಸಿನಿಮಾ ಇಲ್ಲೇನು?”

“ಬ್ಯಾರೆದ್ರಾಗ ಗಂಡ ಹೆಂಡ್ತಿ ಇರ್ತಾರ್ರಿ. ಇದ್ರಾಗ ಕಥಿ ತಿಳೀಬೇಕಂತಿಲ್ಲ. ಉಡ ಬರ್ತೈತಿ, ಬಿಲ್ಡಿಂಗ್ ಕೆಡವತೈತಿ, ಅಷ್ಟ.”

“ಕಿವಿ ಗುಂಯ್ ಅನ್ನಂಗ ಒದರ್ತೈತಿ ಅದು.”

ಸೊಸೆ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಅದು ಒದರಾಗ ನಾ ಅತ್ರ ಯಾರಿಗೂ ಕೇಳಂಗಿಲ್ರಿ ಅತ್ತಿ. ಮನ್ಯಾಗ ಅತ್ರ ಮಾವ ಎದಿ ಹಿಡ್ಕೊಂಡು ಕುಂದ್ರತಾರ.”

“ಗೊತ್ತೈತಿ ಬಿಡವ್ವ. ಹೋದ ವಾರ ನಾನೂ ಅದು ಒದರಾದನ್ನ ಕಾಯ್ತಿದ್ದೆ.”

ಒಳಗೆ ಗಂಟೆ ಹೊಡೆಯಿತು. ಅತ್ತೆ ಚೀಲವನ್ನು ತಾನೇ ತೆಗೆದುಕೊಂಡು ಸೊಸೆಯ ಕೈ ಹಿಡಿದಳು.

“ಇಂಟರ್ವಲ್‌ಗಿಂತ ಮೊದ್ಲ ಮಕ ಒರಸ್ಕೋ. ಲೈಟ್ ಹಾಕ್ತಾರ.”

ಟಿಕೆಟ್ ಕೊಂಡು ಇಬ್ಬರೂ ಒಳಗೆ ಹೋದರು.